ಪನ್ನೆಟ್ ಚೌಕದ ಪನ್ನೆಟ್ ಯಾರು?

ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರೆಲ್ಲ ಒಮ್ಮೆಯಾದರೂ ಪನ್ನೆಟ್ ಚೌಕ ಬರೆದಿರುತ್ತಾರೆ. ಮೇಲಿನ ಸಾಲಿನಲ್ಲಿ ಗಂಡಿನ ಲಿಂಗಾಣುಗಳು, ಎಡಗಡೆ ಹೆಣ್ಣಿನ ಲಿಂಗಾಣುಗಳು, ನಡುವೆ ಖಾಲಿ ಮನೆಗಳು. ಮನೆಗಳನ್ನು ತುಂಬಿಸಿ, ಕೆಳಗೆ 9:3:3:1 ಎಂದು ಬರೆದು ಗೆರೆ ಎಳೆದರೆ ಅಂಕ ಗ್ಯಾರಂಟಿ. ಮೆಂಡೆಲ್ ಬಗ್ಗೆ ನಮಗೆ ಸಾಕಷ್ಟು ಗೊತ್ತು. ಆದರೆ ಪನ್ನೆಟ್ ಎಂಬ ಹೆಸರು ಚೌಕಕ್ಕೆ ಅಂಟಿಕೊಂಡ ಲೇಬಲ್ಲಿನ ಹಾಗೆ ಉಳಿದುಬಿಟ್ಟಿದೆ. ಆ ಮನುಷ್ಯನಿಗೆ 91 ವರ್ಷದ ತುಂಬು ಜೀವನವಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

ಪರೀಕ್ಷೆಯ ಭಯವಿಲ್ಲದೆ, ಖುಷಿಯಿಂದ ಈ ಚೌಕ ಬರೆಯುವ ಜನರೂ ಇದ್ದಾರೆ. ಅವರು ಅಮೆರಿಕ ಮತ್ತು ಯುರೋಪಿನಲ್ಲಿ ಕಾರ್ನ್ ಸ್ನೇಕ್ ಎಂಬ ಹಾವನ್ನು ಮನೆಯಲ್ಲಿ ಸಾಕಿ ಮರಿ ಮಾಡಿಸುವವರು. ಈ ಹಾವಿನ ಊರು ಅಮೆರಿಕದ ಆಗ್ನೇಯ ಭಾಗ. ವಿಷವಿಲ್ಲ, ನಮ್ಮ ಕೇರೆ ಹಾವಿನಂತೆ ಇಲಿ ತಿಂದು ಬದುಕುತ್ತದೆ. ಕಿತ್ತಳೆ ಮೈಯ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ಸಾಕುವವರ ಕೈಯಲ್ಲಿ ಈಗ ಅದಕ್ಕೆ ಬಿಳಿ, ಬೂದು, ಗುಲಾಬಿ, ಪಟ್ಟೆ, ಉಂಗುರ ಎಂದು ಲೆಕ್ಕವಿಲ್ಲದಷ್ಟು ವೇಷಗಳು. ಯಾವ ಗಂಡಿಗೆ ಯಾವ ಹೆಣ್ಣನ್ನು ಜೊತೆ ಮಾಡಿದರೆ ಯಾವ ಬಣ್ಣದ ಮರಿ, ಎಷ್ಟರ ಪ್ರಮಾಣದಲ್ಲಿ ಬರಬಹುದು ಎಂದು ಅವರು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕುತ್ತಾರೆ. ಆ ಕಾಗದದ ಮೇಲಿರುವುದು ಪನ್ನೆಟ್ ಚೌಕವೇ. (ಓದಿದ ಉತ್ಸಾಹದಲ್ಲಿ ಯಾರೂ ಕೇರೆ ಹಾವು ಹಿಡಿಯಲು ಹೋಗಬೇಡಿ. ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.)

ರೆಜಿನಾಲ್ಡ್ ಕ್ರಂಡಲ್ ಪನ್ನೆಟ್ ಹುಟ್ಟಿದ್ದು 1875ರ ಜೂನ್ 20ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್ ಎಂಬ ಊರಿನಲ್ಲಿ. ಚಿಕ್ಕವರಿದ್ದಾಗ ಅಪೆಂಡಿಸೈಟಿಸ್ ಕಾಯಿಲೆಯಿಂದ ಬಹಳ ದಿನ ಹಾಸಿಗೆ ಹಿಡಿದರು. ಹೊರಗೆ ಹೋಗುವಂತಿಲ್ಲ, ಆಡುವಂತಿಲ್ಲ. ಕೈಗೆ ಸಿಕ್ಕಿದ್ದು ಜಾರ್ಡೀನ್ ಎಂಬುವರು ಹೊರತಂದಿದ್ದ ಪ್ರಾಣಿ ಪಕ್ಷಿಗಳ ಸಚಿತ್ರ ಪುಸ್ತಕಮಾಲೆ. ಬಣ್ಣಬಣ್ಣದ ಆ ಚಿತ್ರಗಳನ್ನು ನೋಡುತ್ತಾ ಮಲಗಿದ್ದ ಹುಡುಗನಿಗೆ ಪ್ರಾಣಿಗಳ ಹುಚ್ಚು ಹಿಡಿಯಿತು.

ಕ್ಲಿಫ್ಟನ್ ಕಾಲೇಜು ಎಂಬ ಶಾಲೆಯಲ್ಲಿ ಓದು ಮುಗಿಸಿ ಕೇಂಬ್ರಿಜ್‌ಗೆ ಹೋದಾಗ ಅವರ ಗುರಿ ವೈದ್ಯನಾಗುವುದಾಗಿತ್ತು. ಅಲ್ಲಿ ಪ್ರಾಣಿಶಾಸ್ತ್ರ ಸೆಳೆಯಿತು, ವೈದ್ಯಕೀಯ ಹಿಂದೆ ಬಿತ್ತು. 1898ರಲ್ಲಿ ಪದವಿ ಪಡೆದು, ಕೆಲಕಾಲ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಆಗ ಅವರು ಅಧ್ಯಯನ ಮಾಡುತ್ತಿದ್ದುದು ಸಮುದ್ರದಲ್ಲಿರುವ ನೆಮರ್ಟೀನ್ ಎಂಬ ರಿಬ್ಬನ್ನಿನಂಥ ಹುಳುಗಳನ್ನು. ಹುಳುಗಳ ಪಂಡಿತರಾಗಿಯೇ ಅವರ ಹೆಸರು ಉಳಿಯಬಹುದಿತ್ತು. ಕೆಲವು ಹುಳುಗಳಿಗೆ ಪನ್ನೆಟ್ ಹೆಸರನ್ನೇ ಇಟ್ಟಿದ್ದಾರೆ.

ಅಷ್ಟರಲ್ಲಿ ಜೀವಶಾಸ್ತ್ರದಲ್ಲಿ ದೊಡ್ಡ ಗದ್ದಲ ಶುರುವಾಗಿತ್ತು. 1866ರಲ್ಲಿ ಮೆಂಡೆಲ್ ಪ್ರಕಟಿಸಿದ್ದ ಬಟಾಣಿ ಪ್ರಯೋಗದ ವರದಿಯನ್ನು ಜಗತ್ತು 34 ವರ್ಷ ಕಡೆಗಣಿಸಿ, 1900ರಲ್ಲಿ ಎದ್ದು ಕುಳಿತು ಓದಿತ್ತು. ಇಂಗ್ಲೆಂಡಿನಲ್ಲಿ ಮೆಂಡೆಲ್ ಪರವಾಗಿ ಟೊಂಕ ಕಟ್ಟಿ ನಿಂತವರು ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್. ಅವರಿಗೆ ವಿರೋಧಿಗಳೂ ಕಡಿಮೆಯಿರಲಿಲ್ಲ. ಬಟಾಣಿಗೆ ಹೊಂದುವ ನಿಯಮ ಪ್ರಾಣಿಗಳಿಗೂ ಹೊಂದುತ್ತದೆಂದು ಏನು ಖಾತ್ರಿ ಎಂಬುದು ಆಗಿನ ಪ್ರಶ್ನೆ. ಉತ್ತರ ವಾದದಿಂದ ಬರುವಂಥದ್ದಲ್ಲ, ಸಾಕಿ ನೋಡಿಯೇ ಹೇಳಬೇಕು. 1904ರ ಹೊತ್ತಿಗೆ ಪನ್ನೆಟ್ ಬೇಟ್ಸನ್‌ರ ಜೊತೆಗೂಡಿದರು. ಕೇಂಬ್ರಿಜ್ ಪಕ್ಕದ ಗ್ರಾಂಚೆಸ್ಟರ್ ಹಳ್ಳಿಯಲ್ಲಿ ಬೇಟ್ಸನ್‌ರ ಮನೆ; ಅದರ ತೋಟ ಮತ್ತು ಕೋಳಿಗೂಡುಗಳೇ ಪ್ರಯೋಗಾಲಯ. ಬಲೆಯ ಗೂಡುಗಳಲ್ಲಿ ಕೋಳಿ, ಸಾಲುಗಳಲ್ಲಿ ಸ್ವೀಟ್ ಪೀ ಹೂಬಳ್ಳಿ. ಮೊಟ್ಟೆ ಗುರುತು ಹಾಕುವುದು, ಮರಿ ಎಣಿಸುವುದು, ಬೀಜ ಬಿತ್ತುವುದು, ಹೂ ಎಣಿಸುವುದು. ವರ್ಷಗಟ್ಟಲೆ ಇದೇ ಕೆಲಸ.

ಈ ಕೆಲಸದಲ್ಲಿ ಅವರಿಬ್ಬರೇ ಇರಲಿಲ್ಲ. ಎಡಿತ್ ಸಾಂಡರ್ಸ್, ಫ್ಲಾರೆನ್ಸ್ ಡರ್ಹಾಮ್, ಮ್ಯೂರಿಯಲ್ ವೆಲ್ಡೇಲ್ ಮೊದಲಾದ ಮಹಿಳೆಯರ ಒಂದು ತಂಡವೇ ಬೇಟ್ಸನ್‌ರ ಬೆನ್ನಿಗಿತ್ತು. ಡರ್ಹಾಮ್ ಇಲಿಗಳ ಮೈಬಣ್ಣದ ಬಗ್ಗೆ, ವೆಲ್ಡೇಲ್ ಹೂವಿನ ಬಣ್ಣದ ರಾಸಾಯನಿಕಗಳ ಬಗ್ಗೆ ಮೊದಮೊದಲ ಕೆಲಸ ಮಾಡಿದವರು. ಆಗ ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪೂರ್ಣ ಪದವಿಯನ್ನೇ ಕೊಡುತ್ತಿರಲಿಲ್ಲ, ಕೊಟ್ಟಿದ್ದು 1948ರಲ್ಲಿ. ಚೌಕಕ್ಕೆ ಹೆಸರು ಒಬ್ಬರದ್ದೇ ಆದರೂ ಮರಿ ಎಣಿಸಿದ ಕೈಗಳು ಹಲವು.

ಆ ಕೋಳಿಗೂಡಿನಿಂದ ಹೊರಬಂದ ಒಂದು ಫಲಿತಾಂಶ ಇಂದಿಗೂ ಪಾಠಗಳಲ್ಲಿದೆ. ವಯಾಂಡಾಟ್ ತಳಿಯ ಕೋಳಿಗೆ ಗುಲಾಬಿ ಜುಟ್ಟು, ಬ್ರಹ್ಮ ತಳಿಯ ಕೋಳಿಗೆ ಬಟಾಣಿ ಜುಟ್ಟು. ಎರಡನ್ನೂ ಕೂಡಿಸಿದರೆ ಮರಿಗಳಿಗೆ ಇವೆರಡೂ ಅಲ್ಲದ, ಅಕ್ರೋಟು ಕಾಯಿಯಂಥ ಜುಟ್ಟು ಬಂತು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಮುಂದಿನ ಪೀಳಿಗೆಯಲ್ಲಿ ಅಕ್ರೋಟು 9, ಗುಲಾಬಿ 3, ಬಟಾಣಿ 3 ಪಾಲು. ಜೊತೆಗೆ ಅಜ್ಜ ಅಜ್ಜಿ ಯಾರಿಗೂ ಇಲ್ಲದ ಗರಗಸದಂಥ ಒಂಟಿ ಜುಟ್ಟು 1 ಪಾಲು. ಎರಡು ಜೀನುಗಳು ಸೇರಿ ಒಂದು ಲಕ್ಷಣವನ್ನು ರೂಪಿಸುತ್ತವೆ ಎಂಬುದು ಹೀಗೆ ಕಣ್ಣಿಗೆ ಕಂಡಿತು.

ಸ್ವೀಟ್ ಪೀ ಬಳ್ಳಿ ಇನ್ನೂ ವಿಚಿತ್ರ ಮಾಡಿತು. ಎರಡು ಬಿಳಿ ಹೂವಿನ ತಳಿಗಳನ್ನು ಕೂಡಿಸಿದಾಗ ಬಿಳಿಯೇ ಬರಬೇಕಲ್ಲವೇ? ಬಂದದ್ದು ನೇರಳೆ. ಮುಂದಿನ ಪೀಳಿಗೆಯಲ್ಲಿ ಬಣ್ಣದ್ದು 9, ಬಿಳಿಯದು 7. ಅರ್ಥ ಇಷ್ಟೆ: ಬಣ್ಣ ಬರಲು ಎರಡು ಬೇರೆ ಬೇರೆ ಜೀನು ಕೆಲಸ ಮಾಡಬೇಕು. ಒಂದು ತಳಿಯಲ್ಲಿ ಒಂದು ಕೆಟ್ಟಿತ್ತು, ಇನ್ನೊಂದರಲ್ಲಿ ಮತ್ತೊಂದು ಕೆಟ್ಟಿತ್ತು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಟ್ಟಾಗ ಹಳೆಯ ಬಣ್ಣ ತಿರುಗಿ ಬಂತು.

ಲೆಕ್ಕ ಹೀಗೆ ಎರಡು ಜೀನಿಗೆ ಏರಿದಾಗ ಬರಿಯ ಬೀಜಗಣಿತದಲ್ಲಿ ಬರೆದರೆ ಓದುಗ ಕಂಗಾಲಾಗುತ್ತಾನೆ. 1905ರಲ್ಲಿ ಪನ್ನೆಟ್ ಮೆಂಡೆಲಿಸಂ ಎಂಬ ಚಿಕ್ಕ ಪುಸ್ತಕ ಬರೆದರು. ಸಾಮಾನ್ಯ ಓದುಗರಿಗಾಗಿ ಈ ವಿಷಯದ ಮೇಲೆ ಬಂದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಆ ಮೊದಲ ಮುದ್ರಣದಲ್ಲಿ ಚೌಕವಿರಲಿಲ್ಲ. ಬೇಟ್ಸನ್, ಗಾಲ್ಟನ್ ಮುಂತಾದವರ ಬರಹ, ಪತ್ರಗಳಲ್ಲಿ ಅದರ ಮೊಳಕೆ ಇತ್ತು. ಒಂದೆರಡು ವರ್ಷದಲ್ಲಿ ಅದು ನಾವು ಬರೆಯುವ ರೂಪಕ್ಕೆ ಬಂದು, ಪುಸ್ತಕದ ಮುಂದಿನ ಮುದ್ರಣದಲ್ಲಿ ಸೇರಿತು. ನೋಡಲು ಏನೂ ಅಲ್ಲ, ನಾಲ್ಕು ಗೆರೆ. ಆದರೆ ಮಗ್ಗಿ ಗೊತ್ತಿರುವ ಯಾವ ರೈತನೂ, ಕೋಳಿ ಸಾಕುವವನೂ ಅದನ್ನು ಬಳಸಬಹುದಿತ್ತು. ನನಗೆ ಕೇಳಿದರೆ ಪನ್ನೆಟ್‌ರ ನಿಜವಾದ ದೊಡ್ಡತನ ಇಲ್ಲಿದೆ. ಅವರು ಮೆಂಡೆಲ್‌ನನ್ನು ಪಂಡಿತರ ಕೈಯಿಂದ ಬಿಡಿಸಿ ಜನರ ಕೈಗೆ ಕೊಟ್ಟರು.

ಈ ಚೌಕದ ಶಕ್ತಿ ಮತ್ತು ಮಿತಿ ಎರಡನ್ನೂ ಕಾರ್ನ್ ಸ್ನೇಕ್ ಚೆನ್ನಾಗಿ ತೋರಿಸುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಹಾವಿನ ಕಡೆಗೆ ಹೋಗೋಣ.

ಈ ಹಾವಿನ ಮೈಯಲ್ಲಿ ಮುಖ್ಯವಾಗಿ ಕಪ್ಪು ಬಣ್ಣದ ವರ್ಣಕ ಮತ್ತು ಕೆಂಪು ಬಣ್ಣದ ವರ್ಣಕ ಇವೆ. ಕಪ್ಪು ತಯಾರಾಗದ ಹಾವಿಗೆ ಅಮೆಲನಿಸ್ಟಿಕ್ ಎನ್ನುತ್ತಾರೆ. ಅದು ಕೆಂಡದಂತೆ ಕೆಂಪು ಕಿತ್ತಳೆಯಾಗಿರುತ್ತದೆ. ಕೆಂಪಿಲ್ಲದ ಹಾವು ಅನೆರಿಥ್ರಿಸ್ಟಿಕ್. ಅದು ಹಳೆಯ ಕಪ್ಪು ಬಿಳುಪು ಫೋಟೊದಂತೆ ಬೂದು. ಎರಡೂ ಅಪ್ರಬಲ ಲಕ್ಷಣಗಳು. ಹೊಸದಾಗಿ ಸಾಕುವವನು ಒಂದು ಕೆಂಪು, ಒಂದು ಬೂದು ಹಾವನ್ನು ಜೊತೆ ಮಾಡಿ ಚಂದದ ಮರಿಗಳಿಗಾಗಿ ಎರಡು ತಿಂಗಳು ಕಾಯುತ್ತಾನೆ. ಮೊಟ್ಟೆಯೊಡೆದು ಬರುವುದು ಕಾಡಿನಲ್ಲಿ ಸಿಗುವಂಥ ಸಾಮಾನ್ಯ ಹಾವುಗಳೇ. ಬೇಟ್ಸನ್‌ರ ತೋಟದ ಬಿಳಿ ಹೂಗಳ ಕಥೆಯೇ ಇದು. ಕೆಂಪು ಹಾವು ಕೆಂಪಿನ ಜೀನನ್ನು ಕೊಟ್ಟಿತು, ಬೂದು ಹಾವು ಕಪ್ಪಿನ ಜೀನನ್ನು ಕೊಟ್ಟಿತು, ಮರಿಗೆ ಎರಡೂ ಸಿಕ್ಕವು.

ಆದರೆ ಆ ಮರಿಗಳು ಸಾಮಾನ್ಯವಲ್ಲ. ಪ್ರತಿಯೊಂದರೊಳಗೂ ಕಪ್ಪು ಮಾಡದ ಒಂದು ಜೀನು, ಕೆಂಪು ಮಾಡದ ಒಂದು ಜೀನು ಅಡಗಿವೆ. ಇಂಥದ್ದನ್ನು ಸಾಕುವವರು ಚಿಕ್ಕದಾಗಿ ಹೆಟ್ ಎನ್ನುತ್ತಾರೆ. ಅವು ಎರಡು ಮೂರು ವರ್ಷಕ್ಕೆ ದೊಡ್ಡವಾದ ಮೇಲೆ ತಮ್ಮತಮ್ಮಲ್ಲೇ ಕೂಡಿಸಿದರೆ ಪ್ರತಿ ಕಡೆಯಿಂದ ನಾಲ್ಕು ಬಗೆಯ ಲಿಂಗಾಣು: ಕಪ್ಪು ಕೆಂಪು ಎರಡೂ ಇರುವುದು, ಕಪ್ಪು ಮಾತ್ರ, ಕೆಂಪು ಮಾತ್ರ, ಎರಡೂ ಇಲ್ಲದ್ದು. ನಾಲ್ಕು ನಾಲ್ಕಲೆ ಹದಿನಾರು ಮನೆ. 9 ಮನೆಯಲ್ಲಿ ಸಾಮಾನ್ಯ ಬಣ್ಣ, 3ರಲ್ಲಿ ಕೆಂಪು, 3ರಲ್ಲಿ ಬೂದು, 1ರಲ್ಲಿ ಎರಡೂ ವರ್ಣಕವಿಲ್ಲದ, ತೆಳು ಗುಲಾಬಿ ಛಾಯೆಯ ಬಿಳಿ ಹಾವು. ಅದಕ್ಕೆ ಸ್ನೋ ಎಂದು ಹೆಸರು. ಕೋಳಿಯ ಒಂಟಿ ಜುಟ್ಟು ನಿಂತ ಮೂಲೆಯಲ್ಲೇ ಈ ಬಿಳಿ ಹಾವು ಮಲಗಿದೆ.

ಈಗ ಪರೀಕ್ಷೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಮಾತು. ಹದಿನಾರು ಮನೆಯಲ್ಲಿ ಒಂದು ಎಂದರೆ ಹದಿನಾರು ಮೊಟ್ಟೆಯಲ್ಲಿ ಒಂದು ಬಿಳಿ ಖಂಡಿತ ಎಂದಲ್ಲ. ಹದಿನಾರು ಮೊಟ್ಟೆಯಲ್ಲಿ ಒಂದೂ ಬಿಳಿ ಮರಿ ಬರದಿರುವ ಸಂಭವ ನೂರಕ್ಕೆ ಸುಮಾರು 36. (15ನ್ನು 16ರಿಂದ ಭಾಗಿಸಿ, ಬಂದದ್ದನ್ನು ಹದಿನಾರು ಸಲ ಗುಣಿಸಿ ನೋಡಿ.) ಪ್ರತಿ ಮೊಟ್ಟೆಯೂ ಹೊಸದಾಗಿ ಚೀಟಿ ಎತ್ತುತ್ತದೆ, ಪಕ್ಕದ ಮೊಟ್ಟೆಗೆ ಏನು ಬಂತೆಂದು ಅದಕ್ಕೆ ಗೊತ್ತಿಲ್ಲ. ಚೌಕ ಹೇಳುವುದು ಸಂಭವವನ್ನು, ಭರವಸೆಯನ್ನಲ್ಲ.

ಇನ್ನೊಂದು ವಿಷಯ. ಕೆಂಪು ಬಣ್ಣದ ಮೂರು ಮನೆಗಳನ್ನು ಮತ್ತೆ ನೋಡಿ. ಒಂದರಲ್ಲಿ ಬೂದು ಮಾಡುವ ಜೀನು ಇಲ್ಲವೇ ಇಲ್ಲ, ಎರಡರಲ್ಲಿ ಅಡಗಿದೆ. ಕಣ್ಣಿಗೆ ಮೂರೂ ಒಂದೇ. ಪ್ರಾಮಾಣಿಕ ಮಾರಾಟಗಾರ ಇಂಥ ಮರಿಯನ್ನು ಮಾರುವಾಗ ಶೇಕಡಾ 66 ಹೆಟ್ ಎಂದು ಬರೆಯುತ್ತಾನೆ, ಅಂದರೆ ಮೂರರಲ್ಲಿ ಎರಡರಷ್ಟು ಸಂಭವ. ಅಪ್ರಾಮಾಣಿಕನು ಹೆಟ್ ಎಂದಷ್ಟೇ ಬರೆದು ಹೆಚ್ಚು ಹಣ ತೆಗೆದುಕೊಳ್ಳುತ್ತಾನೆ. ಕೊಂಡವನಿಗೆ ಗೊತ್ತಾಗಲು ವರ್ಷಗಳು ಬೇಕು. ತೂಕದಲ್ಲಿ ಮೋಸ ಮಾಡಬಾರದೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಕಣ್ಣಿಗೆ ಕಾಣದ ಜೀನಿನ ವ್ಯಾಪಾರದಲ್ಲಿ ತಕ್ಕಡಿ ಎಂದರೆ ಈ ಚೌಕವೇ.

ಮೈಮೇಲಿನ ಚಿತ್ತಾರ ಬಣ್ಣಕ್ಕಿಂತ ತೊಡಕಿನದು. ಮಚ್ಚೆಗಳು ಒಂದಕ್ಕೊಂದು ಕೂಡಿ ಬೆನ್ನಿನ ಮೇಲೆ ಉಂಗುರಗಳಂತೆ ಕಾಣುವ ಮಾಟ್ಲಿ, ಉದ್ದುದ್ದ ಗೆರೆಯ ಸ್ಟ್ರೈಪ್ ಎಂಬ ಎರಡು ಬಗೆಗಳು ಒಂದೇ ಜೀನಿನ ಎರಡು ರೂಪಗಳು. ಹಾಗಾಗಿ ಅವನ್ನು ಕೂಡಿಸಿದರೆ ಕೆಂಪು ಮತ್ತು ಬೂದಿನ ಹಾಗೆ ಸಾಮಾನ್ಯ ಮರಿ ಬರುವುದಿಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಡಲು ಅಲ್ಲಿ ಸಾಧ್ಯವಿಲ್ಲ, ಇಬ್ಬರದ್ದೂ ಒಂದೇ ಜಾಗದ ಕೊರತೆ.

ಹೊರಗೆ ಕಾಣುವುದು ಬೇರೆ, ಒಳಗೆ ಹೊತ್ತಿರುವುದು ಬೇರೆ ಎಂಬ ಈ ಮಾತಿಗೆ ಬಂದಾಗ ನಮ್ಮಲ್ಲಿ ಅನೇಕರಿಗೆ ಬುಖಾರಿ ಮತ್ತು ಮುಸ್ಲಿಂ ಹದೀಸ್ ಗ್ರಂಥಗಳಲ್ಲಿರುವ ಒಂದು ಪ್ರಸಂಗ ನೆನಪಾಗಬಹುದು. ಒಬ್ಬ ಗ್ರಾಮೀಣ ಅರಬ ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು, ತನ್ನ ಹೆಂಡತಿ ಕಪ್ಪು ಮಗುವನ್ನು ಹೆತ್ತಿದ್ದಾಳೆಂದು ಸಂಶಯದ ದನಿಯಲ್ಲಿ ಹೇಳಿದ. ಪ್ರವಾದಿ(ಸ)ರು ಅವನ ಒಂಟೆಗಳ ಬಣ್ಣ ಕೇಳಿದರು. ಕೆಂಪು ಎಂದ. ಅವುಗಳಲ್ಲಿ ಬೂದು ಬಣ್ಣದ್ದೂ ಇದೆಯೇ ಎಂದು ಕೇಳಿದಾಗ ಇದೆ ಎಂದ. ಅದೆಲ್ಲಿಂದ ಬಂತು ಎಂದು ಕೇಳಿದಾಗ, ಯಾವುದೋ ಹಳೆಯ ಮೂಲ ಎಳೆದಿರಬಹುದು ಎಂದು ಅವನೇ ಉತ್ತರಿಸಿದ. ನಿನ್ನ ಮಗನ ವಿಷಯವೂ ಹಾಗೆಯೇ ಇರಬಹುದಲ್ಲ ಎಂದು ಪ್ರವಾದಿ(ಸ)ರು ತಿಳಿಹೇಳಿದರು. ಮೆಂಡೆಲ್‌ನ ನಿಯಮವೆಲ್ಲ ಇದರಲ್ಲೇ ಇತ್ತು ಎಂದು ಸಾಧಿಸುವ ಉದ್ದೇಶ ನನಗಿಲ್ಲ. ಬಣ್ಣ ನೋಡಿ ಒಬ್ಬ ಹೆಣ್ಣಿನ ಮೇಲೆ ಅಪವಾದ ಹೊರಿಸಬಾರದು ಎಂಬ ನ್ಯಾಯ ಅದರಲ್ಲಿದೆ, ಅದು ಸಾಕು.

ಪನ್ನೆಟ್ ಕಥೆಗೆ ಮರಳೋಣ. 1908ರಲ್ಲಿ ಅವರು ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಮನುಷ್ಯರಲ್ಲಿ ಮೆಂಡೆಲ್ ನಿಯಮ ಎಂಬ ವಿಷಯದ ಮೇಲೆ ಮಾತಾಡಿದರು. ಕೈಬೆರಳು ಗಿಡ್ಡವಾಗಿರುವುದು ಪ್ರಬಲ ಲಕ್ಷಣ ಎಂಬ ಮಾತು ಬಂತು. ಹಾಗಾದರೆ ಕಾಲ ಕಳೆದಂತೆ ಜನಸಂಖ್ಯೆಯ ನಾಲ್ಕರಲ್ಲಿ ಮೂವರು ಗಿಡ್ಡ ಬೆರಳಿನವರಾಗಬೇಕಲ್ಲವೇ ಎಂಬ ಪ್ರಶ್ನೆ ಎದ್ದಿತು. ಹಾಗಾಗುತ್ತಿಲ್ಲ ಎಂಬುದು ಕಣ್ಣೆದುರಿಗಿದೆ, ಆದರೆ ಏಕೆ ಎಂದು ಪನ್ನೆಟ್‌ಗೆ ತೋಚಲಿಲ್ಲ. ಕೇಂಬ್ರಿಜ್‌ಗೆ ಮರಳಿ ತಮ್ಮ ಜೊತೆ ಕ್ರಿಕೆಟ್ ಆಡುತ್ತಿದ್ದ ಗಣಿತಜ್ಞ ಗೆಳೆಯನ ಮುಂದೆ ಪ್ರಶ್ನೆಯಿಟ್ಟರು. ಆ ಗೆಳೆಯ ಜಿ. ಎಚ್. ಹಾರ್ಡಿ, ಮುಂದೆ ನಮ್ಮ ರಾಮಾನುಜನ್‌ರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡವರು. ಹಾರ್ಡಿಗೆ ಅದು ಬಹಳ ಸುಲಭದ ಲೆಕ್ಕ. ಹೊರಗಿನಿಂದ ಯಾವುದೂ ಕದಡದಿದ್ದರೆ ಜೀನುಗಳ ಪ್ರಮಾಣ ಪೀಳಿಗೆಯಿಂದ ಪೀಳಿಗೆಗೆ ಹಾಗೆಯೇ ಇರುತ್ತದೆ ಎಂದು ಒಂದು ಚಿಕ್ಕ ಪತ್ರದಲ್ಲಿ ಬರೆದು ಸೈನ್ಸ್ ಪತ್ರಿಕೆಗೆ ಕಳಿಸಿದರು. ವಿಕಾಸದ ಪಾಠದಲ್ಲಿ ನಾವು ಓದುವ ಹಾರ್ಡಿ-ವೈನ್‌ಬರ್ಗ್ ತತ್ವ ಹುಟ್ಟಿದ್ದು ಹೀಗೆ. ಜರ್ಮನಿಯ ವೈದ್ಯ ವೈನ್‌ಬರ್ಗ್ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಸರಿಯಾದ ವ್ಯಕ್ತಿಯ ಬಳಿ ಕೇಳುವುದೂ ವಿಜ್ಞಾನಿಯ ಒಂದು ಗುಣ.

1910ರಲ್ಲಿ ಬೇಟ್ಸನ್ ಕೇಂಬ್ರಿಜ್ ಬಿಟ್ಟು ಲಂಡನ್ ಬಳಿಯ ಜಾನ್ ಇನ್ನೆಸ್ ಸಂಸ್ಥೆಗೆ ಹೋದರು, ಅವರ ಸ್ಥಾನಕ್ಕೆ ಪನ್ನೆಟ್ ಬಂದರು. ಅದೇ ವರ್ಷ ಇಬ್ಬರೂ ಸೇರಿ ಜರ್ನಲ್ ಆಫ್ ಜೆನೆಟಿಕ್ಸ್ ಎಂಬ ಪತ್ರಿಕೆ ಆರಂಭಿಸಿದರು. 1912ರಲ್ಲಿ ಪನ್ನೆಟ್ ಕೇಂಬ್ರಿಜ್‌ನ ಮೊದಲ ತಳಿವಿಜ್ಞಾನ ಪ್ರಾಧ್ಯಾಪಕರಾದರು. ಆ ಪೀಠಕ್ಕೆ ಮಾಜಿ ಪ್ರಧಾನಿ ಆರ್ಥರ್ ಬಾಲ್ಫೋರ್ ಹೆಸರು. ಹೌದು, ಫೆಲೆಸ್ತೀನ್ ಕುರಿತ 1917ರ ಘೋಷಣೆಯ ಬಾಲ್ಫೋರ್ ಅವರೇ.

ಈ ನಡುವೆ ಪನ್ನೆಟ್‌ರನ್ನು ಚಿಟ್ಟೆಗಳೂ ಸೆಳೆದವು. 1909ರಲ್ಲಿ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ ಹೋಗಿ ಕಾಮನ್ ಮಾರ್ಮನ್ ಎಂಬ ಚಿಟ್ಟೆಯನ್ನು ನೋಡಿದರು. ನಮ್ಮ ಹಿತ್ತಲಿನ ಕರಿಬೇವು, ನಿಂಬೆ ಗಿಡಗಳ ಮೇಲೆ ಇದರ ಹುಳು ಬೆಳೆಯುತ್ತದೆ. ಇದರ ಗಂಡು ಒಂದೇ ಬಗೆ. ಹೆಣ್ಣು ಮಾತ್ರ ಮೂರು ಬಗೆ: ಒಂದು ಗಂಡಿನಂತೆಯೇ, ಉಳಿದೆರಡು ಹಕ್ಕಿಗಳಿಗೆ ರುಚಿಸದ ಬೇರೆ ಎರಡು ಚಿಟ್ಟೆಗಳ ವೇಷ ಹಾಕಿದಂತೆ. ಇಷ್ಟು ಪೂರ್ಣವಾದ ವೇಷ ಚೂರುಚೂರೇ ಬೆಳೆದು ಬಂದಿರಲಾರದು, ಒಂದೇ ನೆಗೆತದಲ್ಲಿ ಬಂದಿರಬೇಕು ಎಂದು ಪನ್ನೆಟ್ 1915ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ನೂರು ವರ್ಷ ಈ ಚರ್ಚೆ ನಡೆಯಿತು. 2014ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಅಮೆರಿಕದ ಅವರ ಸಹೋದ್ಯೋಗಿಗಳು ಆ ವೇಷದ ಗುಟ್ಟು ಡಬಲ್‌ಸೆಕ್ಸ್ ಎಂಬ ಒಂದೇ ಜೀನಿನಲ್ಲಿದೆ ಎಂದು ತೋರಿಸಿದರು. ಆದರೆ ಆ ಒಂದು ಜೀನಿನೊಳಗೆ ಸಣ್ಣ ಬದಲಾವಣೆಗಳು ಅನೇಕ ಸೇರಿಕೊಂಡಿವೆ. ಹಾಗಾಗಿ ಪನ್ನೆಟ್ ಅರ್ಧ ಗೆದ್ದರು, ಅವರ ವಿರೋಧಿಗಳೂ ಅರ್ಧ ಗೆದ್ದರು.

ಪೂರ್ತಿ ಸೋತದ್ದು ಬೇರೆ ಕಡೆ. ಸ್ವೀಟ್ ಪೀ ಬಳ್ಳಿಯಲ್ಲಿ ಹೂವಿನ ಬಣ್ಣ ಮತ್ತು ಪರಾಗದ ಆಕಾರವನ್ನು ಒಟ್ಟಿಗೆ ಎಣಿಸಿದಾಗ 9:3:3:1 ಬರಲಿಲ್ಲ. ಬಣ್ಣ ಮತ್ತು ಆಕಾರ ಕೈ ಹಿಡಿದುಕೊಂಡು ಒಟ್ಟಿಗೇ ಹೋಗುತ್ತಿದ್ದವು. ಜಗತ್ತಿನಲ್ಲಿ ಜೀನುಗಳ ಸಹಲಗ್ನತೆಯನ್ನು ಮೊದಲು ಕಂಡವರಲ್ಲಿ ಬೇಟ್ಸನ್, ಸಾಂಡರ್ಸ್, ಪನ್ನೆಟ್ ಸೇರುತ್ತಾರೆ. ಕಂಡರು, ಆದರೆ ಅರ್ಥವಾಗಲಿಲ್ಲ. ಜೀನುಗಳು ಒಂದೇ ವರ್ಣತಂತುವಿನ ಮೇಲೆ ಕುಳಿತಿರುವುದೇ ಕಾರಣ ಎಂದು ಹೇಳಿ ಕೀರ್ತಿ ಪಡೆದದ್ದು ಅಮೆರಿಕದಲ್ಲಿ ಹಣ್ಣಿನ ನೊಣ ಸಾಕುತ್ತಿದ್ದ ಮಾರ್ಗನ್. ಇಳಿವಯಸ್ಸಿನಲ್ಲಿ, 1950ರಲ್ಲಿ, ಪನ್ನೆಟ್ ಹಳೆಯ ದಿನಗಳ ಬಗ್ಗೆ ಬರೆದಾಗ ಇದನ್ನು ಮುಚ್ಚಿಡಲಿಲ್ಲ. ವರ್ಣತಂತುಗಳು ತುಂಡಾಗಿ ಕೂಡಲಾರದ ಅಖಂಡ ವಸ್ತುಗಳು ಎಂದು ಜರ್ಮನ್ ವಿಜ್ಞಾನಿ ಬೊವೇರಿಯ ಬರಹ ಓದಿ ನಂಬಿಬಿಟ್ಟಿದ್ದೆವು, ಅದೇ ನಮ್ಮ ದಾರಿಗೆ ಅಡ್ಡ ನಿಂತಿತು ಎಂಬ ಅರ್ಥದಲ್ಲಿ ಬರೆದರು.

ಮೊದಲ ಮಹಾಯುದ್ಧ ಬಂದಾಗ ಇಂಗ್ಲೆಂಡಿನಲ್ಲಿ ಆಹಾರದ ಕೊರತೆಯಾಯಿತು. ಮೊಟ್ಟೆಗಾಗಿ ಸಾಕುವ ಕಡೆ ಹುಂಜದ ಮರಿಗಳಿಗೆ ಕಾಳು ಹಾಕುವುದು ನಷ್ಟ; ಆದರೆ ಒಂದು ದಿನದ ಮರಿಯಲ್ಲಿ ಹೆಣ್ಣು ಗಂಡು ಗುರುತಿಸುವುದು ಹೇಗೆ? ಪನ್ನೆಟ್ ಬಣ್ಣದ ಲೆಕ್ಕವನ್ನೇ ಹಿಡಿದರು. ಹೇಂಟೆಯಲ್ಲಿ ಒಂದೇ ಝಡ್ ವರ್ಣತಂತು, ಅದು ಅಪ್ಪನಿಂದಲೇ ಬರಬೇಕು. ಹೊಂಬಣ್ಣದ ಹುಂಜಕ್ಕೆ ಬೆಳ್ಳಿ ಬಣ್ಣದ ಹೇಂಟೆಯನ್ನು ಕೂಡಿಸಿದರೆ ಹೆಣ್ಣು ಮರಿಗಳೆಲ್ಲ ಅಪ್ಪನ ಹೊಂಬಣ್ಣ, ಗಂಡು ಮರಿಗಳೆಲ್ಲ ಅಮ್ಮನ ಬೆಳ್ಳಿ ಬಣ್ಣ. ಮೊಟ್ಟೆಯೊಡೆದ ದಿನವೇ ಬೇರೆ ಮಾಡಬಹುದು. ಮುಂದೆ ಮೈಕೆಲ್ ಪೀಸ್ ಎಂಬ ಸಹೋದ್ಯೋಗಿಯೊಂದಿಗೆ ಕ್ಯಾಂಬಾರ್ ಎಂಬ ತಳಿಯನ್ನೇ ಅಭಿವೃದ್ಧಿಪಡಿಸಿದರು. ಅದರಲ್ಲಿ ಪೀಳಿಗೆಯಿಂದ ಪೀಳಿಗೆಗೆ ಮರಿಯ ಬಣ್ಣವೇ ಹೆಣ್ಣು ಗಂಡು ಹೇಳುತ್ತದೆ. 1922ರಲ್ಲಿ ರಾಯಲ್ ಸೊಸೈಟಿಯ ಡಾರ್ವಿನ್ ಪದಕ ಬಂತು.

ಅವರ ಜೀವನದ ಒಂದು ಮುಖ ಮಾತ್ರ ನನಗೆ ಇಷ್ಟವಾಗುವುದಿಲ್ಲ, ಅದನ್ನು ಬಿಟ್ಟು ಬರೆಯುವುದೂ ಸರಿಯಲ್ಲ. ಆ ಕಾಲದ ಅನೇಕ ವಿಜ್ಞಾನಿಗಳಂತೆ ಪನ್ನೆಟ್ ಕೂಡ ಮನುಷ್ಯರ ತಳಿಯನ್ನು ಸುಧಾರಿಸಬೇಕೆಂಬ ಯೂಜೆನಿಕ್ಸ್ ವಿಚಾರದ ಕಡೆಗಿದ್ದರು. ಅಮೆರಿಕದ ಹಲವು ರಾಜ್ಯಗಳಲ್ಲಿ ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಮಾಡುವ ಕಾನೂನುಗಳಿದ್ದವು. 1917ರಲ್ಲಿ ಪನ್ನೆಟ್ ಒಂದು ಲೆಕ್ಕ ಹಾಕಿದರು. ಅಂಥ ಲಕ್ಷಣ ಅಪ್ರಬಲ ಜೀನಿನಿಂದ ಬರುತ್ತದೆ, ನೂರರಲ್ಲಿ ಒಬ್ಬರಿಗಿದೆ ಎಂದಿಟ್ಟುಕೊಳ್ಳಿ. ಆಗ ಅದನ್ನು ಒಳಗೆ ಹೊತ್ತ ಆರೋಗ್ಯವಂತರು ನೂರರಲ್ಲಿ 18 ಮಂದಿ. ಪೀಡಿತರನ್ನೆಲ್ಲ ಪ್ರತಿ ಪೀಳಿಗೆಯಲ್ಲೂ ತಡೆದರೂ ಈ ವಾಹಕರ ಮೂಲಕ ಜೀನು ಸಾಗುತ್ತಲೇ ಇರುತ್ತದೆ. ಲಕ್ಷದಲ್ಲಿ ಒಬ್ಬರಿಗೆ ಇಳಿಸಲು 8000 ವರ್ಷಕ್ಕೂ ಹೆಚ್ಚು ಬೇಕು. ಕ್ರೂರವಾದ ಆ ಕಾನೂನು ತನ್ನ ಉದ್ದೇಶಕ್ಕೇ ನಿಷ್ಪ್ರಯೋಜಕ ಎಂದು ಚೌಕ ಹೇಳಿಬಿಟ್ಟಿತು. ವಿಷಾದವೆಂದರೆ ಪನ್ನೆಟ್ ಅಲ್ಲಿಗೆ ನಿಲ್ಲಲಿಲ್ಲ, ಹಾಗಾದರೆ ವಾಹಕರನ್ನೇ ಪತ್ತೆಹಚ್ಚಬೇಕು ಎಂದರು. ಮನುಷ್ಯನ ಬುದ್ಧಿ ಹಾವಿನ ಬಣ್ಣದಂತೆ ಒಂದು ಜೀನಿನ ಮಾತಲ್ಲ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ. ಮನೆ ತುಂಬಿಸುವ ಮೊದಲು ಮೇಲಿನ ಸಾಲಿನಲ್ಲಿ ಬರೆದದ್ದು ಸರಿಯೇ ಎಂದು ಚೌಕ ತಾನಾಗಿ ಕೇಳುವುದಿಲ್ಲ, ನಾವು ಕೇಳಬೇಕು.

ವಾಹಕರ ಪ್ರಶ್ನೆ ಹಾವು ಸಾಕುವವರಿಗೂ ಇದೆ. ಕಾರ್ನ್ ಸ್ನೇಕ್‌ಗಳಲ್ಲಿ ಸನ್‌ಕಿಸ್ಡ್ ಎಂಬ ಬಣ್ಣದ ಕೆಲವು ವಂಶಗಳಲ್ಲಿ ಸ್ಟಾರ್‌ಗೇಝರ್ ಎಂಬ ನರದೋಷ ಸೇರಿಕೊಂಡಿತ್ತು. ಅದು ತಗುಲಿದ ಮರಿ ತಲೆಯನ್ನು ನೆಟ್ಟಗೆ ಹಿಡಿಯಲಾರದೆ ಆಕಾಶ ನೋಡುವಂತೆ ತಿರುಚುತ್ತದೆ. ಅಪ್ರಬಲ ಲಕ್ಷಣವಾದ್ದರಿಂದ ತಂದೆ ತಾಯಿ ಹಾವುಗಳು ನೋಡಲು ಚೆನ್ನಾಗಿಯೇ ಇರುತ್ತವೆ. ಪರೀಕ್ಷಾ ಸಂಕರ ಮಾಡಿ ವಾಹಕ ಹಾವುಗಳನ್ನು ಗುರುತಿಸಿ, ಅವುಗಳಿಂದ ಮರಿ ಮಾಡಿಸದಿರುವುದೇ ದಾರಿಯಾಗಿತ್ತು. ಈಗ ಡಿಎನ್ಎ ಪರೀಕ್ಷೆಯೂ ಬಂದಿದೆ. ಬಣ್ಣದ ಆಸೆಗೆ ಹತ್ತಿರದ ರಕ್ತಸಂಬಂಧದ ಹಾವುಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಇಂಥ ಅಡಗಿದ ಜೀನುಗಳು ಜೋಡಿಯಾಗುವ ಸಂಭವ ಹೆಚ್ಚು. ಸಂಬಂಧದಲ್ಲೇ ಮದುವೆ ನಡೆಯುವುದು ನಮ್ಮ ನಾಡಿನ ಅನೇಕ ಸಮುದಾಯಗಳಲ್ಲಿ ಇದೆ. ಥಲಸ್ಸೀಮಿಯಾದ ವಾಹಕರಾದ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು; ಮೊದಲನೆಯ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ವಿನಾಯಿತಿ ಇಲ್ಲ. ಯಾರು ವಾಹಕರು ಎಂಬುದು ರಕ್ತಪರೀಕ್ಷೆಯಿಂದ ಮದುವೆಗೆ ಮೊದಲೇ ಗೊತ್ತಾಗುತ್ತದೆ. ಇದು ಯಾರನ್ನೂ ಕೀಳಾಗಿ ನೋಡಲು ಅಲ್ಲ. ವಾಹಕನಾಗಿರುವುದು ರೋಗವೂ ಅಲ್ಲ, ತಪ್ಪೂ ಅಲ್ಲ.

1940ರಲ್ಲಿ ಪನ್ನೆಟ್ ನಿವೃತ್ತರಾಗಿ ಪತ್ನಿಯೊಂದಿಗೆ ಸಾಮರ್ಸೆಟ್ ಪ್ರಾಂತ್ಯದ ಬಿಲ್‌ಬ್ರೂಕ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅವರಿಗೆ ಮಕ್ಕಳಿರಲಿಲ್ಲ. 1962ರಲ್ಲಿ, ಅವರಿಗೆ 87 ತುಂಬಿದ ವರ್ಷ, ಅಮೆರಿಕದ ಬರ್ನಾರ್ಡ್ ಬೆಕ್ಟೆಲ್ ಎಂಬ ಚರ್ಮವೈದ್ಯರು ಪತ್ನಿ ಎಲಿಜಬೆತ್ ಜೊತೆ ಸೇರಿ ಕಾರ್ನ್ ಸ್ನೇಕ್‌ಗಳನ್ನು ಸಾಕಿ, ಕಪ್ಪಿಲ್ಲದ ಬಣ್ಣ ಮೆಂಡೆಲ್ ನಿಯಮದಂತೆಯೇ ಇಳಿದು ಬರುತ್ತದೆ ಎಂಬ ಪ್ರಬಂಧ ಪ್ರಕಟಿಸಿದರು. ಇಂದಿನ ಎಲ್ಲ ಬಣ್ಣದ ಹಾವುಗಳ ಲೆಕ್ಕ ಶುರುವಾದದ್ದು ಅಲ್ಲಿಂದ. ಆ ಜೀನು ಯಾವುದೆಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ಪತ್ತೆ ಮಾಡಿದರು. ಒಸಿಎ2 ಎಂಬ ಅದೇ ಜೀನು ಕೆಟ್ಟರೆ ಮನುಷ್ಯರಲ್ಲೂ ಒಂದು ಬಗೆಯ ಬಿಳುಪು ಬರುತ್ತದೆ.

ಪನ್ನೆಟ್ ತೀರಿಕೊಂಡದ್ದು 1967ರ ಜನವರಿ 3ರಂದು. ಅವರು ಬೇಟ್ಸನ್ ಜೊತೆ ಆರಂಭಿಸಿ, 1926ರಲ್ಲಿ ಬೇಟ್ಸನ್ ತೀರಿಕೊಂಡ ಮೇಲೆ 1946ರವರೆಗೆ ಒಬ್ಬರೇ ನಡೆಸಿದ ಜರ್ನಲ್ ಆಫ್ ಜೆನೆಟಿಕ್ಸ್ ಮಾತ್ರ ಇನ್ನೂ ಬದುಕಿದೆ. ಪನ್ನೆಟ್ ನಂತರ ಅದರ ಹೊಣೆ ಹೊತ್ತ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದಾಗ ಪತ್ರಿಕೆಯನ್ನೂ ಜೊತೆಗೆ ತಂದರು. ಅವರ ಕಾಲದ ನಂತರ ಕೆಲವು ವರ್ಷ ನಿಂತುಹೋಗಿದ್ದ ಅದನ್ನು 1985ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತೆ ಆರಂಭಿಸಿತು. ಅದು ಈಗ ಹೊರಡುವುದು ಬೆಂಗಳೂರಿನ ಸದಾಶಿವನಗರದಿಂದ.